ಕಲ್ಲಿನ ಹೆಂಗಸಿಗೆ ನನ್ನ ಸೇವಂತಿಗೆ

ಮದುವೆಯಾದ ವರ್ಷ ಇವರು ನನ್ನನ್ನು ಮುಂಬೈಗೆ ಕರೆದುಕೊಂಡು ಹೋದರು. ಇವರೆಂದರೆ ನನ್ನ ಗಂಡ, ಕೋಟದ ಕಡೆಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ಟ್ರು. ಕೊಂಕಣ ರೈಲು ಶುರುವಾಗಿ ಹೆಚ್ಚು ಕಾಲ ಆಗಿರಲಿಲ್ಲ. ಕುಂದಾಪುರದಲ್ಲಿ ರೈಲು ಹತ್ತುವಾಗ ಅಮ್ಮ ಹಳದಿ ಬಣ್ಣದ ಹೆಮ್ಮಾಡಿ ಸೇವಂತಿಗೆಯನ್ನು ಬಾಳೆಲೆಯಲ್ಲಿ ಸುತ್ತಿ ಕೊಟ್ಟಿದ್ದಳು. ಅದನ್ನು ಮುಡಿದು ಮುಂಬೈಯ ಸಮುದ್ರದಂಡೆಯಲ್ಲಿ ಇವರ ಪಕ್ಕ ನಡೆಯಬೇಕೆಂಬುದು ನನ್ನ ಆಸೆ.

ಹೂ ಮುಡಿದು ಹೊರಟ ನನ್ನನ್ನು ಇವರು ಕರೆದುಕೊಂಡು ಹೋದದ್ದು ಮ್ಯೂಸಿಯಮ್ಮಿಗೆ. ಅದೂ ಒಂದೇ ದಿನ ಎರಡಕ್ಕೆ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಶಾಲೆಯ ಮಕ್ಕಳ ಸಾಲು, ಕ್ಯಾಮೆರಾ ಹಿಡಿದ ಪರದೇಶದವರು, ನೂಕುನುಗ್ಗಲು. ಇವರಿಗೆ ಅದೊಂದೂ ಕಾಣಿಸುತ್ತಿರಲಿಲ್ಲ. ಚಿತ್ರದ ಚೌಕಟ್ಟಿನೊಳಗೆ ಒಬ್ಬಳು ತಲೆ ಬಾಚಿಕೊಳ್ಳುತ್ತಿದ್ದರೆ ಅವಳೆದುರು ನಿಂತವರು ಕದಲುತ್ತಲೇ ಇರಲಿಲ್ಲ. ನನ್ನನ್ನು ನೋಡಲು ಬಂದ ದಿನ ಅವಲಕ್ಕಿ ತಿಂದು, ಒಂದು ಸಲ ಕತ್ತೆತ್ತಿ, ಒಪ್ಪಿಗೆ ಅಂದು ಎದ್ದು ಹೋಗಿದ್ದ ಮನುಷ್ಯ ಇವರು! ನನಗೆ ಹೊಟ್ಟೆ ಉರಿಯಿತು. ಬಣ್ಣದ ಹೆಂಗಸರ ಮೇಲೆ ಹೊಟ್ಟೆಕಿಚ್ಚೇ ಎಂದು ಯಾರಾದರೂ ನಕ್ಕರೆ ನಗಲಿ.

"ಹ್ವಾಯ್, ಹೋಪ್ಯಾ? ಕಾಲ್ ನೋವಾತ್ತ್" ಎಂದು ಹೊರಡಲು ಅವಸರಪಡಿಸಿದೆ.

"ಒಂಚೂರ್ ನಿಲ್ಲ್ ಮಾರಾಯ್ತಿ."

ಎರಡನೆಯ ಮ್ಯೂಸಿಯಮ್ಮಿನ ಶಿಲ್ಪಗಳ ಕೋಣೆಯಲ್ಲಿ ಇನ್ನೊಬ್ಬಳು ಸಿಕ್ಕಿದಳು. ಯಾವುದೋ ದೇವಸ್ಥಾನದ ಕಂಬದಿಂದ ತಂದ ಕಲ್ಲಿನ ಹೆಂಗಸು, ದೊಡ್ಡ ತುರುಬು. ಇವರು ಅವಳನ್ನು ಸುತ್ತು ಬಂದು ನನ್ನ ಕಡೆ ಕೈ ಚಾಚಿದರು. "ಒಂದ್ ಹೂ ಕೊಡ್ ಕಾಂಬ."

"ಮುಡ್ದದ್ ಹೂ ದೇವ್ರಿಗ್ ಆತಿಲ್ಲೆ."

"ಇದ್ ದೇವ್ರಲ್ಲ, ಹೆಣ್ಣ್."

ದೇವರಿಗಾದರೂ ತಪ್ಪಾಯಿತೆಂದು ಕೈಮುಗಿಯಬಹುದಿತ್ತು. ಹೆಂಡತಿಯ ತಲೆಯ ಹೂವನ್ನು ಗಂಡನೇ ತೆಗೆದು ಮತ್ತೊಬ್ಬಳಿಗೆ ಇಡುವ ಕ್ರಮ ನಮ್ಮ ಊರಲ್ಲಿ ಎಲ್ಲಿದೆ? ನಾನು ಬಾಯಿ ತೆರೆಯುವುದರೊಳಗೆ ಇವರು ನನ್ನ ಜಡೆಯಿಂದ ಒಂದು ಸೇವಂತಿಗೆ ಎಳೆದು ಅವಳ ತುರುಬಿಗೆ ಹಿಡಿದೇಬಿಟ್ಟರು. ಕಾವಲಿನವನು ಹಿಂದಿಯಲ್ಲಿ ಕೂಗಿಕೊಂಡು ಓಡಿ ಬಂದ. ಕೋಣೆಯಲ್ಲಿದ್ದವರೆಲ್ಲ ತಿರುಗಿ ನಮ್ಮನ್ನೇ ನೋಡಿದರು. ನಾನು ನಾಚಿಕೆಯಿಂದ ಸತ್ತೆ. ಇವರು ನಗುತ್ತಾ ಹೂವನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. ನನಗೆ ತಿರುಗಿ ಮುಡಿಸಬೇಕೆಂದು ಹೊಳೆಯಲೇ ಇಲ್ಲ.

ಸಂಜೆ ಸಮುದ್ರದಂಡೆಗೂ ಹೋದೆವು. ಇವರು ದಾರಿಯುದ್ದಕ್ಕೂ ಅವಳ ಮೂಗಿನ ಬಗ್ಗೆಯೇ ಮಾತಾಡಿದರು.

ಊರಿಗೆ ಬಂದ ಮೇಲೆ ಇವರು ರಜೆಯ ದಿನಗಳಲ್ಲಿ ಚಾವಡಿಯಲ್ಲಿ ಕೂತು ಒಬ್ಬ ಹೆಂಗಸಿನ ಚಿತ್ರ ಬಿಡಿಸತೊಡಗಿದರು. ಅವಳ ತಲೆಯಲ್ಲಿ ಹಳದಿ ಸೇವಂತಿಗೆ ಮೂಡಿದ ದಿನ, ಇದು ನಾನೇ ಎಂದು ನನ್ನ ಜೀವ ಹಗುರಾಯಿತು. ಇಷ್ಟು ದಿನ ಸುಮ್ಮನೆ ಉರಿದುಕೊಂಡೆನಲ್ಲ ಎಂದುಕೊಂಡು ಚಾ ತಂದಿಟ್ಟು ಪಕ್ಕದಲ್ಲೇ ಕೂತೆ. ಮುಖ ಕೊನೆಗೆ ಬಂತು. ಅದು ಆ ಕಲ್ಲಿನವಳದ್ದು. ಅದೇ ಮೂಗು.

"ಹೂ ನಂದಲ್ದಾ?" ಎಂದು ಕೇಳಿದೆ.

"ಹೌದ್."

"ಮುಖ?"

"ನಿನ್ ಮುಖ ನಾ ದಿನಾ ಕಾಣ್ತೆ ಅಲ್ದಾ ಮಾರಾಯ್ತಿ, ಬಿಡ್ಸುದ್ ಎಂತಕೆ?"

ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಚಾವಡಿಯಲ್ಲೇ ತೂಗುಹಾಕಿದರು. ಮನೆಯ ಮೂಲೆಮೂಲೆಯ ಧೂಳು ಒರೆಸುವವಳು ನಾನು. ಅವಳದ್ದನ್ನು ಮಾತ್ರ ಇವತ್ತಿಗೂ ಇವರೇ ಒರೆಸಿಕೊಳ್ಳಬೇಕು.