ಚಿಕ್ಕಪ್ಪನ ಗಿಟಾರ್ ಆಂಪ್ಲಿಫೈಯರಿನ ಕರಕರ

ನಿನ್ನೆ ಪಿ.ಜೆ. ಬಡಾವಣೆಯ ರಿಪೇರಿ ಅಂಗಡಿಯಲ್ಲಿ ಹಳೆಯ ಆಂಪ್ಲಿಫೈಯರಿನ, ಬಲ್ಬಿನಂಥ ಬಿಸಿ ಗಾಜಿನ ವಾಲ್ವುಗಳ ಮೇಲೆ ಧೂಳು ಸುಡುವ ವಾಸನೆ ಬಂದು, ಹರಿಹರದ ಚಿಕ್ಕಪ್ಪನ ಮನೆ ನೆನಪಾಯಿತು.

ಚಿಕ್ಕಪ್ಪ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ನಾನು ಅವರ ಮನೆಯಲ್ಲಿದ್ದ ಒಂದು ದಿನ, ಸಂಜೆ ಅವರ ತಂಗಿಯ ಮದುವೆಯಲ್ಲೇ ಕಾರ್ಯಕ್ರಮವಿತ್ತು. ಆಂಪ್ಲಿಫೈಯರ್ ಮಾತ್ರ ಬೆಳಗಿನಿಂದ ಕರಕರ ಎನ್ನುತ್ತಿತ್ತು. ವೈರು, ಪ್ಲಗ್ಗು ಬದಲಿಸಿದರೂ ನಿಲ್ಲಲಿಲ್ಲ.

"ತೆಂಗಿನಕಾಯಿ ನೋಡ್ದಂಗೆ ಒಂದೊಂದೇ ತಟ್ಟಿ ನೋಡ್ರಿ," ಎಂದ ಚಿಕ್ಕಮ್ಮ, ಮರದ ಸೌಟು ತಂದು ತಾವೇ ವಾಲ್ವುಗಳನ್ನು ಮೆಲ್ಲಗೆ ತಟ್ಟಿದರು. ಮೂಲೆಯದಕ್ಕೆ ಸೌಟು ತಾಗಿದ್ದೇ ಸ್ಪೀಕರ್ ಠಣ್ಣೆಂದು ಕಿರುಚಿತು.

"ಇಲ್ಲೇ ಐತೆ ನೋಡ್ರಿ ಕಳ್ಳ!" ಎಂದರು ಚಿಕ್ಕಮ್ಮ.

ಬೇರೆ ವಾಲ್ವ್ ಹಾಕಿದೊಡನೆ ಸದ್ದು ನಿಂತಿತು. ಸಂಜೆ ಗಿಟಾರಿಗೆ ಮದುಮಗಳೇ ತಲೆದೂಗಿದಳು.

ಇವತ್ತು ಫೋನಿನಲ್ಲಿ ಇದನ್ನು ನೆನಪಿಸಿದಾಗ ಚಿಕ್ಕಪ್ಪ, "ಏಯ್, ಅದನ್ನ ಹಿಡಿದವ್ನು ನಾನು!" ಎಂದರು. ಹಿಂದಿನಿಂದ ಚಿಕ್ಕಮ್ಮ ಜೋರಾಗಿ ನಕ್ಕದ್ದು ಕೇಳಿಸಿತು.