ಪಿಕಳಾರದ ಮರಿ, ಮಂಗನ ಮರಿ

ಆಗ ನನಗ ಅರವತ್ತೆರಡು. ಒಂಬತ್ತು ವರ್ಷದ ಹಿಂದಿನ ಮಾತು. ಕಾನಹೊಸಹಳ್ಳಿಯ ನಮ್ಮ ಹಿತ್ತಲದಾಗ, ಕರಿಬೇವಿನ ಗಿಡದಾಗ ಒಂದು ಪಿಕಳಾರ ಗೂಡು ಕಟ್ಟಿತ್ತು. ಮುಂಜಾನಿ ಆತಂದ್ರ ಹಾಡೋದೇ ಹಾಡೋದು. ಬೆಕ್ಕು ಅದರ ಎರಡೂ ಮರಿ ತಿಂತು. ಹಕ್ಕಿ ಸಂಜಿತನಕ ಚೀರಿತು. ಎರಡು ದಿನ ಬಿಟ್ಟು ನೋಡಿದ್ರ ಬಾಯಾಗ ನಾರು ಕಚ್ಚಿಕೊಂಡು ಬ್ಯಾರೆ ಗಿಡಕ್ಕ ಓಡಾಡಾಕತ್ತೈತಿ, ನಡುನಡುವೆ ಹಾಡು ಬ್ಯಾರೆ. ಇದೂ ನನ್ನಂಗ ಅಂದ್ಕೊಂಡೆ. ನನ್ನ ಮೊದಲ ಕೂಸು ಹನ್ನೊಂದು ದಿನಕ್ಕ ಸತ್ತಾಗ, ವಾರದೊಳಗ ನಾ ಶೇಂಗಾ ಕೀಳಾಕ ಹೋಗಿದ್ದೆ.

ಅದೇ ವಾರ ಕರೆಂಟ್ ತಂತಿ ಹಿಡಿದು ಒಂದು ಮಂಗನ ಮರಿ ಸತ್ತಿತು. ತಾಯಿ ಬಿಡಲಿಲ್ಲ. ಮೂರು ದಿನ ಎದಿಗೆ ಅವಚಿಕೊಂಡು ಮಾಳಿಗಿಯಿಂದ ಮಾಳಿಗಿಗೆ ತಿರುಗಿತು. ನೊಣ ಮುತ್ತಿದ್ರ ಕೈಲೆ ಹೊಡಿತಿತ್ತು. ಹನುಮಪ್ಪನ ಅಂಶ, ಮಣ್ಣು ಕೊಡದಿದ್ರ ಊರಿಗೆ ಕೇಡು ಅಂದ್ರು ಓಣಿ ಹಿರೇರು. ಹತ್ರ ಹೋಗಾಕ ಯಾರೂ ಇಲ್ಲ.

ನಾ ಹೋಗ್ತೀನಿ ಅಂದೆ.

"ಕಚ್ಚೀತು ನೋಡಬೇ ಅಮ್ಮಾ" ಅಂದ ಎದುರಿಗಿನ ಪಂಚರ್ ಅಂಗಡಿಯವ.

"ನನ್ನ ಕಚ್ಚಿದ್ರ ಅದರ ಹಲ್ಲೇ ಮುರಿತಾವ. ನೀ ಪಂಚರ್ ಹಾಕು ಹೋಗೋ."

ಮೊರದಾಗ ಶೇಂಗಾ ಹಾಕಿ ಮಾಳಿಗಿ ಮ್ಯಾಲೆ ಇಟ್ಟೆ. ತಾಯಿಗೆ ಮೂರು ದಿನದ ಹಸಿವು. ಮರಿನ ಪಕ್ಕಕ್ಕಿಟ್ಟು ಎರಡೂ ಕೈಲೆ ತಿನ್ನಾಕತ್ತಿತು. ಹಿಂದಿನಿಂದ ಮರಿ ಮ್ಯಾಲೆ ಗೋಣಿಚೀಲ ಹಾಕಿ ಎತ್ತಿಕೊಂಡು ಇಳಿದೆ. ಅರಿಶಿಣ ಹಚ್ಚಿ, ಕಾಯಿ ಒಡೆದು, ಭಜನಿ ಮಾಡಿ ಹಳ್ಳದ ದಂಡಿಗೆ ಮಣ್ಣು ಕೊಟ್ರು. ಎಲ್ಲಾರೂ ನನ್ನ ಹೊಗಳಿದ್ರು.

ತಾಯಿ ನಮ್ಮ ಮಾಳಿಗಿ ಬಿಟ್ಟು ಹೋಗಲಿಲ್ಲ. ಹಿಂಡು ಮುಂದಕ್ಕ ಹೋದ್ರೂ ಇದು ಹೋಗಲಿಲ್ಲ. ಮೊರ ಮಗುಚಿ ನೋಡೋದು, ಒಣಹಾಕಿದ ಸೀರಿ ಎತ್ತಿ ನೋಡೋದು. ನಾ ಹೊರಗ ಬಂದ್ರ ನನ್ನ ಕೈ ನೋಡ್ತಿತ್ತು. ಮುಖ ಅಲ್ಲ, ಕೈ.

ಎಂಟನೇ ದಿನ ಮಧ್ಯಾಹ್ನ ಉಣ್ಣಾಕ ಕುಂತಿದ್ದೆ. ಮಂಗ ಬಾಗಿಲಾಗ ಬಂದು ಕುಂತಿತು. ರೊಟ್ಟಿ ಎಸೆದೆ, ಮುಟ್ಟಲಿಲ್ಲ. ನಾನೂ ತಾಟು ಸರಿಸಿದೆ.

ನನ್ನ ಕೂಸನ್ನೂ ಹಿಂಗೇ ಒಯ್ದಿದ್ರು. ಸತ್ತ ಕೂಸನ್ನ ನಾ ತೊಡಿಯಿಂದ ಇಳಿಸಿರಲಿಲ್ಲ. "ಎರಡು ತುತ್ತು ಉಣ್ಣು, ಕೂಸನ್ನ ನಾ ಹಿಡ್ಕೊಂತೀನಿ" ಅಂದ್ಲು ಅತ್ತಿ. ನಾ ಉಂಡು ಏಳೋದ್ರಾಗ ಮೈದುನ ಮಣ್ಣು ಕೊಟ್ಟು ಬಂದು ಹಿತ್ತಲದಾಗ ಕಾಲು ತೊಳಿತಿದ್ದ. ನಮ್ಮಲ್ಲಿ ತಾಯಿಗೆ ಕೂಸನ್ನ ಹುಗಿದ ಕುಣಿ ತೋರ್ಸೋದಿಲ್ಲ. ನಾನೂ ಕೇಳಲಿಲ್ಲ. ನಲವತ್ತು ವರ್ಷದ ಮ್ಯಾಲಾತು, ಪಿಕಳಾರದಂಗ ಇದ್ದೆ ಅಂದ್ಕೊಂಡಿದ್ದೆ.

ಮರುದಿನ ಮುಂಜಾನಿ ಮೈದುನನ ಮನಿಗೆ ಹೋದೆ. ಚಾ ಕುಡಿತಿದ್ದ. "ಎಲ್ಲಿ ಇಟ್ಟಿ? ಏಳು, ತೋರ್ಸು" ಅಂದೆ. ಏನು, ಯಾರು ಅಂತ ಕೇಳಲಿಲ್ಲ ಅವ. ಚಪ್ಪಲಿ ಮೆಟ್ಟಿದ. ಅವನ ಹಿಂದ ನಡೆದೆ.