ಬಾಗಿಲಲ್ಲಿ ಸಿಕ್ಕ ಬೇರೆ ಮನೆಯ ಕಚರಾ

ಮಹಾರಾಷ್ಟ್ರದ ಉಮರ್ಗಾದ ನಮ್ಮ ಓಣಿಗೆ ಕಸದ ಘಂಟಾಗಾಡಿ ಬರುವುದು ನಾನು ಪಾಠ ಹೇಳಲು ಶಾಲೆಗೆ ಹೊರಡುವ ಗಡಿಬಿಡಿಯಲ್ಲೇ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ ಎಂದು ಅದರ ಮೈಕಿನ ಭೋಂಗಾ ಮರಾಠಿಯಲ್ಲಿ ಕೂಗುತ್ತದೆ: ‘ಓಲಾ ಕಚರಾ, ಸುಕಾ ಕಚರಾ!’ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆಮೇಲೆ ಓಣಿಯ ಕಮಿಟಿಯವರು ಹೊಸ ನೇಮ ತಂದರು. ಬೇರೆ ಮಾಡಿದವರಿಗೆ ಪುಕ್ಕಟೆ, ಕೂಡಿಸಿ ಕೊಟ್ಟವರು ಚೀಲಕ್ಕೆ ಇಷ್ಟು ಅಂತ ದುಡ್ಡು ಕೊಡಬೇಕು.

ನನ್ನ ಅತ್ತೆ ಗುಂಜೋಟಿಯ ಕಡೆಯವರು, ಕುರಿ ಸಾಕುವ ಮನೆಯಲ್ಲಿ ಬೆಳೆದವರು. “ಒಗ್ಯಾಕೂ ರೊಕ್ಕ ಕೊಡಬೇಕೇನ?” ಎಂದು ನಕ್ಕರು. ಆದರೆ ಮರುದಿನವೇ ನಮ್ಮ ಬಕೆಟ್ ಅನ್ನು ಅಂಗಳದಲ್ಲಿ ಸುರುವಿ ಕೂತಿದ್ದರು. ಹಾಲಿನ ಪಾಕೀಟು, ಬಿಸ್ಕೀಟಿನ ಕಾಗದ, ಶಾಂಪೂ ಪುಡಿಕೆ ಒಂದೊಂದನ್ನೇ ತಿರುಗಿಸಿ ನೋಡುತ್ತ, “ಇಷ್ಟೆಲ್ಲ ನಾವೇ ತಂದೀವೇನ?” ಎಂದು ಬೆರಗಾದರು. ಅಂದಿನಿಂದ ನಮ್ಮ ಮನೆಯ ಕಸ ವಿಂಗಡಿಸುವುದು ಅವರದೇ ಕೆಲಸವಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಗಾಡಿಯವನು ನಮ್ಮ ಹತ್ತಿರವೂ ದುಡ್ಡು ಕೇಳಿದ. ನಮ್ಮ ಎರಡು ಬಕೆಟ್ಟುಗಳ ಪಕ್ಕದಲ್ಲಿ ಕಟ್ಟಿದ ಒಂದು ಕರಿ ಚೀಲವಿತ್ತು.

“ಇದು ನಮ್ಮದಲ್ಲಪ್ಪ,” ಎಂದೆ.

“ನಿಮ್ಮ ಬಾಗಲಾಗ ಅದ ಅಲ್ರೀ ಬಾಯಿ,” ಎಂದ ಅವನು.

ಅತ್ತೆ ಚೀಲವನ್ನು ಕೊಡಲಿಲ್ಲ. ಗಾಡಿ ಹೋದ ಮೇಲೆ ಬಿಚ್ಚಿದರು. ಬಣ್ಣಬಣ್ಣದ ಬಟ್ಟೆಯ ಚಿಂದಿ, ಅದರ ಕೆಳಗೆ ಪೇಪರಿನಲ್ಲಿ ಸುತ್ತಿದ ದೊಡ್ಡವರ ಡೈಪರುಗಳು. ಓಣಿಯಲ್ಲಿ ಹೊಲಿಗೆ ಮಷೀನು ಇರುವುದು ಒಂದೇ ಮನೆಯಲ್ಲಿ. ನನಗೆ ಸಿಟ್ಟು ಬಂತು. “ತಡಿಯವಾ, ಯಾಕ ಇಟ್ಟಾಳಂತ ಮೊದಲ ಕೇಳೂಣ,” ಎಂದು ಅತ್ತೆ ಮುಂದೆ ಹೊರಟರು.

ಹೊಲಿಗೆಯಾಕೆ ನಿಲಂಗಾದ ಕಡೆಯ ಹೆಣ್ಣುಮಗಳು. ನಮ್ಮ ಕೈಯಲ್ಲಿದ್ದ ಚೀಲ ಕಂಡು ಮಷೀನು ನಿಲ್ಲಿಸಿದಳು. ಒಳಗೆ ಮಂಚದ ಮೇಲೆ, ಲಕವಾ ಹೊಡೆದು ಮಲಗಿದ್ದ ಅವಳ ಅತ್ತೆ.

“ಚಿಂದಿ ಸುಕಾ ಕಚರಾ ಅಂತ ಗೊತ್ತದರೀ ಅಕ್ಕಾ. ಆದ್ರ ಇವು ಓಲಾನೋ, ಸುಕಾನೋ? ಗಾಡಿಯಂವ ಎರಡರಾಗೂ ತಗೊಳಂಗಿಲ್ಲ. ಕೂಡಿಸಿ ಕೊಟ್ರ ದಿನಾ ರೊಕ್ಕ ಕೇಳ್ತಾನ. ನಿಮಗ ಭಾರ ಆಗಂಗಿಲ್ಲ ಅನ್ಕೊಂಡು ಇಟ್ಟೆ, ತಪ್ಪಾತು,” ಎಂದು ಕಣ್ಣೀರು ತಂದಳು.

ನನ್ನ ಅತ್ತೆ ಆಗಲೇ ಮಂಚದ ಬದಿಗೆ ಕೂತು, “ಕಾಯ್ ಬಾಯಿ, ಬರಂ ಆಹೇ ಕಾ?” ಎಂದು ಮರಾಠಿಯಲ್ಲಿ ಆರೋಗ್ಯ ವಿಚಾರಿಸುತ್ತಿದ್ದರು. ಅಲ್ಲೇ ಇದ್ದ ಹೊಸ ಡೈಪರೊಂದನ್ನು ಕೈಗೆತ್ತಿಕೊಂಡರು. “ಇದರಾಗ ಏನ್ ತುಂಬ್ಯಾರ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಂದು ತಂಬಿಗೆ ನೀರು ಸುರುವಿದರು. ನೀರೆಲ್ಲ ಒಳಗೇ ಇಂಗಿ ಡೈಪರು ಉಬ್ಬಿತು. “ಯವ್ವಾ! ಎಲ್ಲಿ ಹೋಯ್ತ ನೀರು?” ಮಲಗಿದ್ದಾಕೆ ಅರ್ಧ ಮುಖದಲ್ಲೇ ನಕ್ಕಳು. ಅದನ್ನು ಕಂಡು ಹೊಲಿಗೆಯಾಕೆಗೂ ನಗು ಬಂತು.

ರವಿವಾರ ಕಮಿಟಿಯ ಸಭೆಗೆ ನಾವು ಮೂವರೂ ಹೋದೆವು. ಮಾತಾಡಬೇಕೆಂದು ನಾನು ತಯಾರಾಗಿದ್ದೆ, ಆದರೆ ಹೊಲಿಗೆಯಾಕೆಯೇ ಎದ್ದು ನಿಂತು ತನ್ನ ಮನೆಯ ಸ್ಥಿತಿ ಹೇಳಿದಳು. “ಬೇರೆ ಮಾಡ್ರಿ ಅಂದ್ರ ಮಾಡ್ತೀನಿ. ಇದನ್ನ ಎಲ್ಲಿ ಇಡಲಿ, ಅಷ್ಟು ಹೇಳ್ರಿ.” ಒಬ್ಬರು, ಒಂದು ಮನೆಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಎಂದು ತಕರಾರು ತೆಗೆದರು. ಕಮಿಟಿಯ ಹಿರಿಯರು, “ನಮ್ಮ ಮೊಮ್ಮಗಳದೂ ಇದೇ ಕಥಿ. ನಾ ರೊಕ್ಕ ಕೊಟ್ಟು ಕೂಡಿಸೇ ಒಗೀಲಿಕತ್ತೀನಿ,” ಎಂದು ಒಪ್ಪಿಕೊಂಡರು. ಕೂಸು, ರೋಗಿ ಇದ್ದ ಮನೆಯವರು ಇಂಥವನ್ನು ಕೆಂಪು ಗುರುತು ಹಾಕಿದ ಚೀಲದಲ್ಲಿ ಕೊಡಬೇಕು, ಅದಕ್ಕೆ ದುಡ್ಡಿಲ್ಲ ಎಂದು ಠರಾವಾಯಿತು. ಉಳಿದ ನೇಮ ಹಾಗೆಯೇ ನಿಂತಿತು, ಅದು ಒಳ್ಳೆಯದೇ ಆಯಿತು. ಓಣಿಯ ಮೂಲೆಯಲ್ಲಿ ಮೊದಲು ಬೀಳುತ್ತಿದ್ದ ಕಸದ ಗುಡ್ಡೆ ಈಗ ಕಾಣುವುದಿಲ್ಲ.

ಮೊನ್ನೆ ಅತ್ತೆ ಗಾಡಿಯವನನ್ನು ತಡೆದು, ಆ ಕೆಂಪು ಗುರುತಿನ ಚೀಲಗಳನ್ನು ಮುಂದೆ ಏನು ಮಾಡುತ್ತಾರೆ ಎಂದು ಕೇಳಿದರು. “ಗೊತ್ತಿಲ್ರೀ, ನಾ ಇಳಿಸಿ ಬರ್ತೀನಿ, ಅಷ್ಟೇ,” ಎಂದ. ಈಗ ಅವರಿಗೆ ಅದನ್ನೇ ನೋಡಬೇಕಂತೆ. ನನ್ನ ಸ್ಕೂಟಿಯ ಹಿಂದೆ ಕೂತರೆ ಬೆನ್ನು ನೋಯುತ್ತದೆ ಎನ್ನುವ ಅತ್ತೆ, ಬರುವ ರವಿವಾರ ನನಗೆ ಬೇರೆ ಕೆಲಸವಿದೆಯೇ ಎಂದು ಆಗಲೇ ವಿಚಾರಿಸಿದ್ದಾರೆ.